ಹಗಲು ಮಲಗುವ ಬೀದಿ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಬೀದಿಯಲ್ಲಿ ಎಂಬತ್ತನಾಲ್ಕು ಬಾಗಿಲುಗಳಿದ್ದವು. ಅವುಗಳಲ್ಲಿ ಮೂವತ್ತೊಂದು ಸರ್ಕಾರದ ಪಟ್ಟಿಯಲ್ಲಿ ಇರಲಿಲ್ಲ.

ಪಟ್ಟಿಯಲ್ಲಿ ಇದ್ದವರಿಗೆ ಹೊಸ ಮನೆ. ಇಲ್ಲದವರಿಗೆ ಮುಂದಿನ ತಿಂಗಳ ಒಂದನೇ ತಾರೀಖು ಬುಲ್ಡೋಜರ್. ಪಟ್ಟಿ ಮುಚ್ಚುವುದು ಇವತ್ತು ಸಂಜೆ ಐದಕ್ಕೆ. ಬೀದಿಯನ್ನು ಎಣಿಸಿದ ಗಣತಿದಾರೆ ಮೂರು ದಿನದಿಂದ ನಾಪತ್ತೆ.

ತನಿಖಾಧಿಕಾರಿ ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟವಳು ಗಕ್ಕನೆ ನಿಂತಳು. ತನ್ನ ಚಪ್ಪಲಿಯ ಸದ್ದು ತನಗೇ ಕೇಳುತ್ತಿತ್ತು.

ಬೀದಿ ನಿದ್ದೆ ಮಾಡುತ್ತಿತ್ತು. ನೆರಳಿಗೆ ಬಿದ್ದುಕೊಂಡ ಮಧ್ಯಾಹ್ನದ ಜೊಂಪಲ್ಲ, ಗಾಢ ನಿದ್ದೆ. ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಬೋರ್‌ವೆಲ್ ಪಂಪಿನ ಹಿಡಿಗೆ ಹಳೆಯ ಸೀರೆಯ ಚಿಂದಿ ಸುತ್ತಿತ್ತು, ಕಿರುಗುಟ್ಟದಿರಲಿ ಎಂದು. ಗೋಡೆಗೆ ಒರಗಿಸಿದ್ದ ಸೈಕಲ್‌ಗಳ ಗಂಟೆಗಳಿಗೂ ಬಟ್ಟೆಯ ಟೊಪ್ಪಿಗೆ. ಎದುರಿಗೆ ಬಂದ ಮನುಷ್ಯನೊಬ್ಬ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ನೀರಿನಲ್ಲಿ ನಡೆಯುವವನಂತೆ ಮೆಲ್ಲಗೆ ಪಾದವಿಟ್ಟು ದಾಟಿಹೋದ.

"ಮೇಡಂ, ಇಲ್ಲಿ ಗಾಳಿಗೂ ನಿದ್ದೆ ಬಂದಿದೆ," ಎಂದ ಚಾಲಕ, ಬಾಯಿಗೆ ಕೈ ಅಡ್ಡ ಹಿಡಿದು. ನಿವೃತ್ತಿಗೆ ಏಳು ತಿಂಗಳಿದ್ದ ಆತನಿಗೆ ಪಿಸುಮಾತು ಆಡುವುದು ಗೊತ್ತಿರಲಿಲ್ಲ. ಅವನ ಪಿಸುಮಾತು ಮೂರು ಮನೆಯಾಚೆ ಕೇಳಿಸುತ್ತಿತ್ತು.

"ಶ್!" ಎಂದಿತು ಯಾವುದೋ ಕಿಟಕಿ.

ತನಿಖಾಧಿಕಾರಿ ಚೀಲದಿಂದ ಹಾಳೆಗಳನ್ನು ತೆಗೆದಳು. ಕಚೇರಿಯಲ್ಲಿ ಆಕೆಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಇದಿರಿಗೆ ಹೇಳುವ ಧೈರ್ಯ ಚಾಲಕನೊಬ್ಬನಿಗೆ ಮಾತ್ರ. ಇಪ್ಪತ್ತು ವರ್ಷ ಪೊಲೀಸರ ಕೈಬರಹ ವಿಭಾಗದಲ್ಲಿ ಕೂತು ಬಂದವಳು. ಮನುಷ್ಯರಿಗಿಂತ ಗೆರೆಗಳನ್ನು ಹೆಚ್ಚು ನಂಬುತ್ತಿದ್ದಳು.

ಗಣತಿ ಸರ್ಕಾರದ್ದು, ಓಡಾಡುವ ಕಾಲು ಸಂಸ್ಥೆಯದ್ದು. ದೊಡ್ಡ ಸೇವಾ ಸಂಸ್ಥೆಯೊಂದರ ಸ್ವಯಂಸೇವಕರು ಬೆಳಿಗ್ಗೆ ಒಂದು ಸುತ್ತು ಬರುತ್ತಿದ್ದರು. ಇಲಾಖೆಯ ಗಣತಿದಾರೆ ಮಧ್ಯಾಹ್ನ ಬಂದು ಉಳಿದ ಮನೆಗಳನ್ನು ಎಣಿಸಬೇಕು. ಎಣಿಸಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಒಂದು ವೃತ್ತ, ನಡುವೆ ಮೇಲಿನಿಂದ ಕೆಳಕ್ಕೆ ಒಂದು ನೇರ ಗೆರೆ. ಅದನ್ನು ನೋಡಿದವರು ಮುಂದಿನ ಬಾಗಿಲಿಗೆ ಹೋಗಬೇಕು.

ಕಷ್ಟ ಇರುವುದೇ ಅಲ್ಲಿ. ಪಟ್ಟಿಯಲ್ಲಿ ಇಲ್ಲದ ಮೂವತ್ತೊಂದು ಬಾಗಿಲುಗಳ ಮೇಲೂ ಆ ಗುರುತಿತ್ತು. ಎಣಿಸಲಾಗಿದೆ ಎನ್ನುತ್ತಿತ್ತು ಬಾಗಿಲು. ಇಲ್ಲ ಎನ್ನುತ್ತಿತ್ತು ಹಾಳೆ.

ಸಂಸ್ಥೆಯ ಹಾಳೆಗಳಲ್ಲಿ ಇನ್ನೊಂದು ವಿಚಿತ್ರವಿತ್ತು. ಬಿಟ್ಟುಹೋದ ಬಾಗಿಲ ಸಂಖ್ಯೆಗಳ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ 6/7 ಎಂದು ಬರೆದಿತ್ತು. ಆಕೆ ಎರಡು ಸಲ ಎಣಿಸಿದ್ದಳು. ಮೂವತ್ತು ಕಡೆ ಇತ್ತು. ಐವತ್ತೆಂಟನೇ ಬಾಗಿಲಿನ ಪಕ್ಕ ಮಾತ್ರ ಇರಲಿಲ್ಲ.

ಬೆಳಿಗ್ಗೆ ಈ ಹೊಸ ಮನೆಗಳ ಯೋಜನೆಯ ನಿರ್ದೇಶಕರನ್ನೇ ಕೇಳಿದ್ದಳು. ಮೃದು ಮಾತಿನವರು, ಎಲ್ಲರನ್ನೂ ತಾಯಿ, ತಂದೆ ಎನ್ನುವವರು. "ನಮೂನೆ ಆರು, ಕಲಂ ಏಳು ಇರಬೇಕು ತಾಯಿ. ಇನ್ನೊಬ್ಬರು ಎಣಿಸಿದ್ದಾರೆ ಅಂತ ಅರ್ಥ," ಎಂದಿದ್ದರು. ಆಕೆ ನಮೂನೆ ಆರನ್ನು ತರಿಸಿ ನೋಡಿದಳು. ಅದರಲ್ಲಿ ಇದ್ದದ್ದೇ ಐದು ಕಲಂ.

ಆಕೆ ಒಂದು ಬಾಗಿಲ ಮುಂದೆ ಕೂತು ಗೆರೆಗೆ ಅಡಿಕೋಲು ಹಿಡಿದಳು. ಬಾಗಿಲಿನಾಚೆ ಯಾರೋ ಉಸಿರಾಡುತ್ತಿದ್ದರು, ದೂರದ ಅಲೆಯ ಹಾಗೆ. ಆ ಲಯಕ್ಕೆ ಆಕೆಯ ರೆಪ್ಪೆಯೂ ಭಾರವಾಯಿತು. ವೃತ್ತ ಒಂದು ಕ್ಷಣ ತಾನಾಗಿ ತಿರುಗಿದಂತೆ ಕಂಡಿತು.

"ಅದನ್ನ ಅಳಿಸಿದ್ರೆ ಅವನ ಕೆಲಸ ಹೋಗುತ್ತೆ," ಎಂದಿತು ತಲೆಯ ಮೇಲಿನಿಂದ ಒಂದು ದನಿ.

ಎಪ್ಪತ್ತು ದಾಟಿದ ಮುದುಕಿ. ಬರಿಗಾಲು. ಕೈಯಲ್ಲಿ ತನ್ನ ಎರಡರಷ್ಟು ಎತ್ತರದ ಬಿದಿರು ಕೋಲು, ತುದಿಯಲ್ಲಿ ಬಟ್ಟೆಯ ಉಂಡೆ. ಎದೆಗೆ ಎರಡು ಕೈಗಡಿಯಾರಗಳನ್ನು ದಾರದಲ್ಲಿ ಪೋಣಿಸಿಕೊಂಡು ಹಾಕಿದ್ದಳು.

"ನೀವು ಯಾರಜ್ಜಿ?"

"ಏಳಜ್ಜಿ."

"ಏಳನೇ ಅಜ್ಜಿನಾ?" ಎಂದ ಚಾಲಕ. "ಉಳಿದ ಆರು ಜನ ಎಲ್ಲಿ?"

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏಳು, ಏಳು ಅಂತ ಎಬ್ಬಿಸೋಳು ಏಳಜ್ಜಿ. ನಿನ್ನಂಥೋರು ಕೆಲಸದ ಹೊತ್ತಲ್ಲಿ ತೂಕಡಿಸ್ತಾರಲ್ಲ, ಅವರಿಗಲ್ಲ. ರಾತ್ರಿಯೆಲ್ಲ ದುಡಿದು ಬಂದು ಮಲಗ್ತಾರಲ್ಲ, ಅವರಿಗೆ."

ಅವಳ ಕಸುಬು ಅದೇ. ಈ ಬೀದಿಯ ಅರ್ಧ ಜನ ರಾತ್ರಿಪಾಳಿಯವರು: ಆಸ್ಪತ್ರೆಯ ಆಯಾಗಳು, ಕಾವಲುಗಾರರು, ರಸ್ತೆ ಗುಡಿಸುವವರು, ಪತ್ರಿಕೆಯ ಬಂಡಲ್ ಕಟ್ಟುವವರು. ಮೊಬೈಲಿನ ಅಲಾರಂ ಹೊಡೆದರೆ ಒಂದೇ ಕೋಣೆಯಲ್ಲಿ ಮಲಗಿದ ಐದು ಜನರೂ ಏಳುತ್ತಾರೆ. ಏಳಜ್ಜಿಯ ಕೋಲು ಕಿಟಕಿಯೊಳಗೆ ಹೋಗಿ, ಏಳಬೇಕಾದವನ ಕಾಲನ್ನು ಮಾತ್ರ ಮುಟ್ಟುತ್ತದೆ.

ಅಷ್ಟರಲ್ಲಿ ಪಕ್ಕದ ಬಾಗಿಲು ಒಂದು ಗೇಣು ತೆರೆಯಿತು. ಅರೆಗಣ್ಣಿನ ಹೆಂಗಸೊಬ್ಬಳು ತಲೆ ಹೊರಗಿಟ್ಟಳು. "ಅಜ್ಜಿ, ಇವತ್ತಿಂದ ಪಾಳಿ ಬದಲಾಗಿದೆ. ಒಂಬತ್ತಕ್ಕೆ," ಎಂದು ಬಾಗಿಲು ಹಾಕಿಕೊಂಡಳು.

ಏಳಜ್ಜಿ ಸೆರಗಿನಿಂದ ಬಾಗಿಲ ಮೇಲಿನ ಗುರುತನ್ನು ಒರೆಸಿದಳು. ಸೊಂಟದ ಚೀಲದಿಂದ ಸುಣ್ಣಕಲ್ಲಿನ ತುಂಡೊಂದನ್ನು ತೆಗೆದು ಹೊಸ ವೃತ್ತ ಬರೆದಳು. ನಡುವಿನಿಂದ ಒಂದು ಗೆರೆ ಮೇಲಕ್ಕೆ. ಇನ್ನೊಂದು ಎಡಕ್ಕೆ.

ತನಿಖಾಧಿಕಾರಿ ಅಡಿಕೋಲನ್ನು ಕೆಳಗಿಟ್ಟಳು.

ಅದು ಗಡಿಯಾರ. ಒಂಬತ್ತು ಗಂಟೆ. ಹಾಗಾದರೆ ಆರು ಗಂಟೆ ಆಗಬೇಕಾದರೆ? ದೊಡ್ಡ ಮುಳ್ಳು ಮೇಲೆ, ಚಿಕ್ಕ ಮುಳ್ಳು ಕೆಳಗೆ. ವೃತ್ತದ ನಡುವೆ ಮೇಲಿನಿಂದ ಕೆಳಕ್ಕೆ ಒಂದೇ ನೇರ ಗೆರೆ.

"ಅಜ್ಜಿ, ಈ ಉದ್ದ ಗೆರೆ ಇರೋ ಮನೆಯೋರೆಲ್ಲ..."

"ಸಂಜೆ ಆರಕ್ಕೆ ಏಳೋರು."

"ಬೆಳಿಗ್ಗೆ ಬಂದ ಸ್ವಯಂಸೇವಕರು ಇದೇನು ಅಂತ ಕೇಳಿರಬೇಕಲ್ವಾ?"

"ಕೇಳದೇ ಇರ್ತಾರಾ! ಒಂದು ಹುಡುಗಿ ಪೆನ್ಸಿಲು ಹಿಡ್ಕೊಂಡು ಪ್ರತಿ ಬಾಗಿಲಿಗೂ ಕೇಳ್ತಿತ್ತು. ಆರಕ್ಕೆ ಏಳು, ಆರಕ್ಕೆ ಏಳು ಅಂತ ಹೇಳಿ ಹೇಳಿ ನನ್ನ ಬಾಯೇ ಒಣಗಿತು. ಪಾಪ, ಶ್ರದ್ಧೆಯ ಹುಡುಗಿ. ಬರ್ಕೊಂಡಿತು."

ಆರಕ್ಕೆ ಏಳು. 6/7.

ಚಾಲಕ ನಗು ತಡೆಯಲಾರದೆ ಬಾಯಿಗೆ ಟವೆಲ್ಲು ತುರುಕಿಕೊಂಡ.

ತನಿಖಾಧಿಕಾರಿ ನಗಲಿಲ್ಲ. ಮನಸ್ಸಿನಲ್ಲಿ ಆ ದಿನವನ್ನು ಜೋಡಿಸಿದಳು. ಸಂಸ್ಥೆಯವರು ಗೆರೆ ನೋಡಿ ಇಲಾಖೆಯವರು ಎಣಿಸಿದ್ದಾರೆ ಎಂದುಕೊಂಡರು. ಇಲಾಖೆಯ ಗಣತಿದಾರೆ ಗೆರೆ ನೋಡಿ ಸಂಸ್ಥೆಯವರು ಎಣಿಸಿದ್ದಾರೆ ಎಂದುಕೊಂಡಳು. ಬಡತನ ಕಡಿಮೆ ಮಾಡಲು ಬಂದ ಎರಡು ಕೈಗಳು ಒಂದು ಇನ್ನೊಂದರ ಮೇಲೆ ಹೊಣೆ ಹಾಕಿ ಮುಂದೆ ಹೋಗಿದ್ದವು. ನಡುವೆ ಮಲಗಿದ್ದವರನ್ನು ಯಾರೂ ನೋಡಿರಲಿಲ್ಲ.

ಇದು ಮೋಸವಲ್ಲ, ತಪ್ಪು. ಮೋಸದ ಅನುಮಾನ ಹೊತ್ತ ಆ ಗಣತಿದಾರೆ ನಿರಪರಾಧಿ.

ಐವತ್ತೆಂಟನೇ ಬಾಗಿಲನ್ನು ಆಕೆ ಆಗಲೇ ನೋಡಿದ್ದಳು. ಅಲ್ಲಿನ ಗೆರೆ ನುಣುಪಾಗಿತ್ತು, ಇಲಾಖೆಯ ಸೀಮೆಸುಣ್ಣದ್ದು. ಉಳಿದ ಮೂವತ್ತರ ಗೆರೆಗಳು ಒರಟು, ಸುಣ್ಣಕಲ್ಲಿನವು. ಮೂವತ್ತೊಂದರಲ್ಲಿ ಒಂದು ಹೊಂದುತ್ತಿರಲಿಲ್ಲ. ಒಂದೇ ತಾನೆ ಎಂದುಕೊಂಡಳು. ಇಪ್ಪತ್ತು ವರ್ಷದಲ್ಲಿ ಆಕೆ ಹಾಗೆಂದುಕೊಂಡದ್ದು ಇದೇ ಮೊದಲು. ಬೀದಿಯ ನಿದ್ದೆ ಆಕೆಗೂ ಸ್ವಲ್ಪ ಅಂಟಿತ್ತು.

ಎರಡೂ ಐವತ್ತಕ್ಕೆ ನಿರ್ದೇಶಕರಿಗೆ ಫೋನ್ ಮಾಡಿದಳು.

"ತಪ್ಪು ಅಂದ್ರಲ್ಲ, ಅಷ್ಟು ಸಾಕು ತಾಯಿ," ಎಂದರು ಅವರು. "ಗಣತಿದಾರೆಗೆ ಈ ಬೀದಿ ಹೊಸದು, ಗುರುತು ಗೊತ್ತಿರಲಿಲ್ಲ, ಉದ್ದೇಶವಿರಲಿಲ್ಲ ಅಂತ ಬರೆದು ಈಗಲೇ ಕಳಿಸಿಬಿಡಿ. ಪಾಪದ ಹುಡುಗಿ ಉಳ್ಕೊಳ್ಳಲಿ."

"ಪಟ್ಟಿ ಮುಚ್ಚೋದನ್ನ ಒಂದು ದಿನ ಮುಂದೆ ಹಾಕೋಕಾಗುತ್ತಾ ಸರ್?"

"ಐದಕ್ಕೆ ಕಂಪ್ಯೂಟರ್ ತಾನಾಗೇ ಮುಚ್ಚುತ್ತೆ. ನನ್ನ ಕೈಯಲ್ಲಿ ಏನಿದೆ ಹೇಳಿ?"

ಮೂರೂ ಐದಕ್ಕೆ ವರದಿ ಹೋಯಿತು. ಹನ್ನೊಂದು ಸಾಲು, ಕೆಳಗೆ ಆಕೆಯ ಹೆಸರು.

ಬೀದಿಯ ಕೊನೆಯ ಶಾಲೆಯ ಒಂದು ಕೋಣೆಯಲ್ಲಿ ಪಟ್ಟಿ ಅಧಿಕಾರಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಒಳ್ಳೆಯವನು, ಆದರೆ ನಿಯಮದ ಪುಸ್ತಕವನ್ನು ದಿಂಬಿನಡಿ ಇಟ್ಟುಕೊಂಡು ಮಲಗುವ ಜಾತಿ.

"ಸೇರಿಸ್ತೀನಿ ಮೇಡಂ, ಖಂಡಿತ ಸೇರಿಸ್ತೀನಿ. ಆದ್ರೆ ನಿಮ್ಮ ವರದಿಯ ಮೇಲೆ ಬಂದ ತಿದ್ದುಪಡಿ ಆದೇಶದಲ್ಲಿ ಮೂವತ್ತೊಂದು ಬಾಗಿಲು ಅಂತಿದೆ. ಒಂದೇ ಅರ್ಜಿ. ಮನೆಗೊಬ್ಬರು ಬಂದು ಇಲ್ಲಿ ಸಹಿ ಹಾಕ್ಬೇಕು. ಮೂವತ್ತೊಂದೂ ಬಂದ್ರೆ ಒಳಗೆ ಹೋಗುತ್ತೆ, ಒಂದು ಕಡಿಮೆಯಾದ್ರೂ ಕಂಪ್ಯೂಟರ್ ಪೂರ್ತಿ ಹೊರಗೆ ಎಸೆಯುತ್ತೆ."

"ಐದರೊಳಗೆ?"

"ಐದರೊಳಗೆ."

"ಅವರು ಏಳೋದು ಆರಕ್ಕೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. "ಅದಕ್ಕೆ ಕಲಂ ಇಲ್ಲ ಮೇಡಂ."

ತನಿಖಾಧಿಕಾರಿ ಬಿರಬಿರನೆ ಬೀದಿಗೆ ಮರಳಿದಳು. ಏಳಜ್ಜಿ ಪಂಪಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಅಜ್ಜಿ, ಈಗಲೇ ಎಲ್ಲರನ್ನೂ ಎಬ್ಬಿಸ್ಬೇಕು."

"ಆಗಲ್ಲ."

"ಅವರ ಮನೆಯ ವಿಷಯ."

"ಗೊತ್ತು. ಆಗಲ್ಲ."

"ಒಂದು ದಿನ ಎರಡು ಗಂಟೆ ಮುಂಚೆ ಎದ್ರೆ ಏನಾಗುತ್ತೆ ಅಜ್ಜಿ?"

ಮುದುಕಿ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಅವಳ ದನಿ ಏರಲಿಲ್ಲ. ಈ ಬೀದಿಯಲ್ಲಿ ಯಾರ ದನಿಯೂ ಏರುತ್ತಿರಲಿಲ್ಲ.

"ಹೇಳ್ತೀನಿ ಕೇಳು ತಾಯಿ. ನಾಲ್ಕು ವರ್ಷದ ಹಿಂದೆ ನಿಮ್ಮೋರೇ ಬಂದ್ರು. ಸರ್ಕಾರದೋರೂ ಇದ್ರು, ಸಂಸ್ಥೆಯೋರೂ ಇದ್ರು. ಮಧ್ಯಾಹ್ನ ಹನ್ನೆರಡಕ್ಕೆ. ಎಲ್ಲರನ್ನೂ ಎಬ್ಬಿಸು ಅಜ್ಜಿ, ಒಳ್ಳೇದಾಗುತ್ತೆ ಅಂದ್ರು. ಎಬ್ಬಿಸಿದೆ. ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ರು. ಏನು ಕೊಟ್ರು ಗೊತ್ತಾ?"

"ಏನು?"

"ಕಂಬಳಿ."

ಚಾಲಕ ಈ ಸಲ ನಗಲಿಲ್ಲ.

"ಮಲಗಿದೋರನ್ನ ಎಬ್ಬಿಸಿ ಹೊದ್ಕೊಳ್ಳೋಕೆ ಕಂಬಳಿ ಕೊಟ್ರು. ಫೋಟೋ ತೆಗೆದ್ರು. ಮೂರು ಗಂಟೆ ನಿಲ್ಸಿದ್ರು. ಅವತ್ತು ರಾತ್ರಿ ಆ ನೀಲಿ ಬಾಗಿಲ ಮನೆಯೋನು ಕಾಗದದ ಕಾರ್ಖಾನೇಲಿ ಯಂತ್ರದ ಮುಂದೆ ತೂಕಡಿಸಿದ. ಬಲಗೈಯಲ್ಲಿ ನಾಲ್ಕು ಬೆರಳಿಲ್ಲ ಈಗ. ಕಂಬಳಿ ಇದೆ."

ಬೀದಿಯ ಮೌನದಲ್ಲಿ ಆ ನೀಲಿ ಬಾಗಿಲಿನಾಚೆಯ ಗೊರಕೆ ಸ್ಪಷ್ಟವಾಗಿ ಕೇಳಿಸಿತು.

"ಅವತ್ತಿಂದ ನಾನು ಒಂದು ನಿಮಿಷ ಮುಂಚೆ ಯಾರನ್ನೂ ಮುಟ್ಟಿಲ್ಲ. ಈ ಜನರ ಹತ್ರ ಏನಿದೆ? ಈ ನಿದ್ದೆ ಒಂದಿದೆ. ಅದನ್ನೂ ನೀವೇ ತಗೊಂಡ್ರೆ ಹೇಗೆ?"

ತನಿಖಾಧಿಕಾರಿ ಪಂಪಿನ ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತಳು. ವಾದಿಸಬಹುದಿತ್ತು, ಆದೇಶದ ಪ್ರತಿ ತೋರಿಸಿ ಹೆದರಿಸಬಹುದಿತ್ತು. ಆಕೆ ವಾಚು ನೋಡಿಕೊಂಡಳು, ಅಷ್ಟೆ. ಮೂರೂ ಇಪ್ಪತ್ತೈದು.

"ಎರಡು ಗಂಟೆ ನಿದ್ದೆ ತಗೊಂಡ್ರೆ, ಎರಡು ಗಂಟೆ ವಾಪಸ್ ಕೊಡ್ತೀನಿ," ಎಂದಳು ಕೊನೆಗೆ.

"ಹೇಗೆ?"

"ಸಹಿ ಹಾಕಿ ಮತ್ತೆ ಹೋಗಿ ಮಲಗ್ಲಿ. ಎಂಟಕ್ಕೆ ನೀವು ಎಬ್ಬಿಸಿ. ಕೆಲಸಕ್ಕೆ ಎರಡು ಗಂಟೆ ತಡವಾಗಿ ಹೋಗ್ಲಿ. ಸರ್ಕಾರಿ ಕೆಲಸಕ್ಕೆ ಕರೆದಿದ್ವಿ, ಸಂಬಳ ಹಿಡೀಬಾರದು ಅಂತ ಒಬ್ಬೊಬ್ಬರಿಗೂ ಚೀಟಿ ಬರೆದು ಕೊಡ್ತೀನಿ. ಇಲಾಖೆಯ ಮುದ್ರೆ ಹಾಕಿ."

"ಎಲ್ಲರಿಗೂ?"

"ಎಲ್ಲರಿಗೂ. ನನ್ನ ಕೈಯಲ್ಲೇ."

ಏಳಜ್ಜಿ ಯೋಚಿಸಿದಳು. ಎದೆಯ ಎರಡು ಗಡಿಯಾರಗಳನ್ನೂ ಒಂದಾದ ಮೇಲೊಂದು ನೋಡಿದಳು, ಎರಡೂ ಒಪ್ಪಬೇಕೆನ್ನುವಂತೆ.

"ಮೊದಲು ಚೀಟಿ ಬರಿ. ಆಮೇಲೆ ಕೋಲು ಎತ್ತೀನಿ."

ಮೂವತ್ತೈದು ನಿಮಿಷ ಆಕೆ ಬರೆದಳು. ಜೀಪಿನ ಬಾನೆಟ್ಟೇ ಮೇಜು. ಏಳಜ್ಜಿ ಪ್ರತಿಯೊಬ್ಬರ ಕೆಲಸ ಹೇಳುತ್ತಿದ್ದಳು. ಚಾಲಕ ಮುದ್ರೆ ಒತ್ತುತ್ತಿದ್ದ, ಒತ್ತುವಾಗಲೆಲ್ಲ ಸದ್ದಾಗದಂತೆ ಕೆಳಗೆ ತನ್ನ ಟವೆಲ್ಲು ಹಾಸಿ.

ಸರಿಯಾಗಿ ನಾಲ್ಕಕ್ಕೆ ಕೋಲು ಮೊದಲ ಕಿಟಕಿಯೊಳಗೆ ಹೋಯಿತು.

ಮುಂದಿನ ಅರ್ಧ ಗಂಟೆಯನ್ನು ತನಿಖಾಧಿಕಾರಿ ಬಹಳ ದಿನ ಮರೆಯಲಿಲ್ಲ. ಬಾಗಿಲುಗಳು ಒಂದೊಂದಾಗಿ, ಸದ್ದಿಲ್ಲದೆ ತೆರೆದುಕೊಂಡವು. ಜನ ಹೊದಿಕೆ ಹೊದ್ದುಕೊಂಡೇ ಹೊರಗೆ ಬಂದರು. ಯಾರೂ ಯಾಕೆ ಎಂದು ಕೇಳಲಿಲ್ಲ; ಅಜ್ಜಿ ಎಬ್ಬಿಸಿದ್ದಾಳೆ, ಅಷ್ಟು ಸಾಕು. ಇಳಿಬಿಸಿಲಿನಲ್ಲಿ ಕಣ್ಣು ಅರ್ಧ ಮುಚ್ಚಿ, ಒಬ್ಬರ ಭುಜದ ಮೇಲೆ ಒಬ್ಬರು ಕೈಯಿಟ್ಟು, ತೇಲುವವರಂತೆ ಶಾಲೆಯ ಕಡೆ ನಡೆದರು. ಧೂಳು ಕೂಡ ಏಳಲಿಲ್ಲ.

ಅಧಿಕಾರಿ ಕೇಳುತ್ತಿದ್ದ, ಅವರು ನಿದ್ದೆಯೊಳಗಿನಿಂದಲೇ ಉತ್ತರಿಸುತ್ತಿದ್ದರು.

"ಏನು ಕೆಲಸ?"

"ಈಜ್ತಾ ಇದ್ದೆ ಸಾರ್."

"ಉದ್ಯೋಗ ಕೇಳ್ದೆ ಕಣಯ್ಯ."

"ಓ. ಕಾವಲುಗಾರ. ನೀರು ತಣ್ಣಗಿತ್ತು."

ಆಸ್ಪತ್ರೆಯ ಆಯಾ ಒಬ್ಬಳು ಸಹಿ ಹಾಕಿ, ಪೆನ್ನನ್ನು ಥರ್ಮಾಮೀಟರಿನಂತೆ ಕೊಡವಿ ವಾಪಸ್ ಕೊಟ್ಟಳು. ನೀಲಿ ಬಾಗಿಲಿನವನು ಎಡಗೈಯಿಂದ ಸಹಿ ಮಾಡಿದ, ನಿಧಾನಕ್ಕೆ, ನಾಲಿಗೆ ಕಚ್ಚಿಕೊಂಡು. ಅವನ ಹಿಂದಿದ್ದವನು ನಿಂತಲ್ಲೇ ಮತ್ತೆ ನಿದ್ದೆಹೋಗಿದ್ದ.

ನಾಲ್ಕೂ ಮೂವತ್ತೆಂಟಕ್ಕೆ ಮೂವತ್ತು ಸಹಿಗಳಾದವು.

"ಐವತ್ತೆಂಟು?" ಎಂದ ಅಧಿಕಾರಿ.

ಐವತ್ತೆಂಟನೇ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು.

"ಅಜ್ಜಿ, ಇದು ಯಾರ ಮನೆ?"

"ಇಲ್ಲಿಯೋರು ನಂಗೆ ಎಬ್ಬಿಸು ಅಂತ ಹೇಳಿಲ್ಲ. ಆ ಗಡಿಯಾರ ನಾನು ಬರೆದಿದ್ದಲ್ಲ."

"ನಾನು ಕೇಳಿದ್ದು ಯಾರ ಮನೆ ಅಂತ."

ಏಳಜ್ಜಿ ಆಕಾಶ ನೋಡಿದಳು.

"ಮೇಡಂ, ಜೀಪಿನ ಜಾಕಿ ರಾಡು ತರ್ಲಾ?" ಎಂದ ಚಾಲಕ. "ಒಂದೇ ಏಟು."

ತನಿಖಾಧಿಕಾರಿ ಬೀಗವನ್ನು ಮುಟ್ಟಿ ನೋಡಿದಳು. ಎಣ್ಣೆ ಹಾಕಿದ ಬೀಗ, ದಿನಾ ತೆಗೆದು ಹಾಕುವಂಥದ್ದು. ಹೊಸ್ತಿಲ ಬಳಿ ತಟ್ಟೆ ಜಾರಿಸುವಷ್ಟು ಸಂದು. ಬೀದಿಯ ಅಷ್ಟೂ ಕಿಟಕಿಗಳಲ್ಲಿ ಇದೊಂದಕ್ಕೆ ಒಳಗಿನಿಂದ ಮೊಳೆ ಹೊಡೆದಿತ್ತು.

"ಅಜ್ಜಿ. ಒಳಗಿರೋರು ಬರದಿದ್ರೆ ಆ ಮೂವತ್ತು ಜನರ ಸಹಿಯೂ ದಂಡ. ಅವರನ್ನ ಎಬ್ಬಿಸಿದ್ದೂ ದಂಡ."

ಮುದುಕಿಯ ಕೈ ಸೊಂಟದ ಚೀಲಕ್ಕೆ ಹೋಯಿತು, ಅಲ್ಲೇ ನಿಂತಿತು. ಬಾಗಿಲಿನಾಚೆಯಿಂದ ದನಿಯೊಂದು ಬಂತು. ನಿದ್ದೆಯ ದನಿಯಲ್ಲ.

"ತೆಗಿ ಅಜ್ಜಿ. ನಂಗೆ ಎಲ್ಲಾ ಕೇಳಿಸ್ತು."

ಕೀಲಿ ತಿರುಗಿತು. ಇಪ್ಪತ್ತಾರು ಇಪ್ಪತ್ತೇಳರ ಹೆಣ್ಣು, ಮೂರು ದಿನದಿಂದ ಬಾಚದ ತಲೆ, ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ. ತನಿಖಾಧಿಕಾರಿಯ ಚೀಲದಲ್ಲಿದ್ದ ಫೋಟೋದ ಮುಖವೇ.

ನಾಪತ್ತೆಯಾದ ಗಣತಿದಾರೆ.

"ಇಲ್ಲಿ ಅಡಗಿದ್ದಾ?" ಎಂದಳು ತನಿಖಾಧಿಕಾರಿ.

"ಅಡಗಿದ್ದಲ್ಲ ಮೇಡಂ. ಇದು ನನ್ನ ಮನೆ."

ಎಲ್ಲರೂ ಶಾಲೆಯ ಕೋಣೆಗೆ ಹೋದರು. ಮೂವತ್ತು ಜನರಲ್ಲಿ ಕೆಲವರು ಇನ್ನೂ ಅಲ್ಲೇ ಇದ್ದರು, ಮಕ್ಕಳ ಬೆಂಚುಗಳ ಮೇಲೆ ತಲೆಯಿಟ್ಟು. ಅಧಿಕಾರಿ ಗುರುತಿನ ಚೀಟಿಯನ್ನೂ ಅವಳ ಮುಖವನ್ನೂ ನೋಡಿದ.

"ನೋಡಮ್ಮ, ಗಣತಿದಾರರು ತಾವು ಎಣಿಸೋ ಬೀದಿಯೋರಾಗಿರಬಾರದು ಅಂತ ನಿಯಮ. ಈ ಚೀಟಿಯಲ್ಲಿ ನೀನು ಚಿಕ್ಕಮ್ಮನ ವಿಳಾಸ ಕೊಟ್ಟಿದ್ದೀಯ. ಇಲ್ಲಿ ಸಹಿ ಹಾಕಿದ ಕ್ಷಣ ಕೆಲಸ ಹೋಗುತ್ತೆ. ಕೇಸೂ ಆಗಬಹುದು."

"ಗೊತ್ತು ಸರ್. ಅದಕ್ಕೇ ನನ್ನ ಬಾಗಿಲಿಗೆ ನಾನೇ ಗೆರೆ ಎಳೆದಿದ್ದೆ, ಸಂಸ್ಥೆಯೋರು ಒಳಗೆ ಬರದಿರ್ಲಿ ಅಂತ. ಪೆನ್ನು ಕೊಡಿ."

ನಾಲ್ಕೂ ಐವತ್ತೆರಡಕ್ಕೆ ಆಕೆ ಸಹಿ ಮಾಡಿದಳು. ಕಂಪ್ಯೂಟರ್ ಸ್ವಲ್ಪ ಹೊತ್ತು ಯೋಚಿಸಿ ಮೂವತ್ತೊಂದನ್ನೂ ಒಳಗೆ ತೆಗೆದುಕೊಂಡಿತು. ಬೆಂಚಿನ ಮೇಲೆ ಮಲಗಿದ್ದ ಯಾರೋ ನಿದ್ದೆಯಲ್ಲೇ ನಿಟ್ಟುಸಿರು ಬಿಟ್ಟರು.

ಆಗ ತನಿಖಾಧಿಕಾರಿಗೆ ತನ್ನ ವರದಿ ನೆನಪಾಯಿತು. ಈ ಬೀದಿ ಗಣತಿದಾರೆಗೆ ಹೊಸದು, ಗುರುತು ಗೊತ್ತಿರಲಿಲ್ಲ ಎಂದು ಬರೆದಿದ್ದಳು. ಎರಡೂ ಸುಳ್ಳು.

"ನೀನು ಇದೇ ಬೀದಿಯವಳು," ಎಂದಳು ನಿಧಾನವಾಗಿ. "ಅಜ್ಜಿಯ ಗಡಿಯಾರ ನಿನಗೆ ಗೊತ್ತಿತ್ತು."

"ಹುಟ್ಟಿದಾಗಿನಿಂದ."

"ಹಾಗಾದ್ರೆ ಗೊತ್ತಿದ್ದೂ ಈ ಮೂವತ್ತು ಮನೆ ಯಾಕೆ ಬಿಟ್ಟೆ?"

"ಬಿಡಲಿಲ್ಲ ಮೇಡಂ. ಮೂವತ್ತನ್ನೂ ಎಣಿಸಿದೆ. ಸಂಜೆ ಆರಕ್ಕೆ, ಅವರು ಎದ್ದ ಮೇಲೆ, ಒಂದೊಂದು ಮನೆಗೂ ಹೋದೆ. ಮೂರು ಸಂಜೆ ಹಿಡೀತು. ಗಣತಿ ಮುಗಿದು ಒಂದು ದಿನ ತಡವಾಗಿತ್ತು. ತಡವಾದ ಹಾಳೆಗಳನ್ನ ದೊಡ್ಡ ಕಚೇರಿಯಲ್ಲೇ ಕೊಡಬೇಕು ಅಂದ್ರು. ಕೊಟ್ಟೆ."

"ಹಾಗಾದ್ರೆ ಮೂರು ದಿನ ಬೀಗದೊಳಗೆ ಯಾಕೆ ಕೂತಿದ್ದೆ? ಬಂದು ಹೇಳಬಹುದಿತ್ತಲ್ಲ?"

"ಯಾರಿಗೆ ಹೇಳ್ಲಿ? ಹೇಳಬೇಕಾದೋರೇ ಹಾಳೆ ಇಸ್ಕೊಂಡೋರು."

ಆಕೆ ಗುರುತಿನ ಚೀಟಿಯ ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಸ್ವೀಕೃತಿ ಚೀಟಿ. ಮೂವತ್ತು ಮನೆಗಳ ಗಣತಿ ಹಾಳೆಗಳು ತಲುಪಿವೆ. ತಾರೀಖು, ಮುದ್ರೆ, ಸಹಿ.

ತನಿಖಾಧಿಕಾರಿ ಅಡಿಕೋಲು ತೆಗೆಯಲಿಲ್ಲ. ಬೇಕಾಗಿರಲಿಲ್ಲ. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು ಎರಡು ಚುಕ್ಕೆ ಇಡುವ ಆ ಸಹಿ, ಈ ತನಿಖೆಗೆ ಆಕೆಯನ್ನು ನೇಮಿಸಿದ ನಿರ್ದೇಶಕರ ಆದೇಶದ ಕೆಳಗೂ ಇತ್ತು.

ಐದಕ್ಕೆ ಪಟ್ಟಿ ಮುಚ್ಚಿತು. ಐದೂ ಹತ್ತಕ್ಕೆ ನಿರ್ದೇಶಕರ ಫೋನ್ ಬಂತು. ವರದಿಯನ್ನು ಒಪ್ಪಿಕೊಂಡಿದ್ದೇವೆ ತಾಯಿ, ತನಿಖೆ ಮುಗಿಯಿತು, ಕಡತ ತೆಗೆದುಕೊಂಡು ಹೋಗಲು ಜನ ಹೊರಟಿದ್ದಾರೆ ಎಂದರು. ಆಕೆಯ ಹೆಸರಿನ ಹನ್ನೊಂದು ಸಾಲು ಅವರಿಗೆ ರಕ್ಷಣೆಯಾಗಿತ್ತು; ಅವರ ಸಹಿಯ ಚೀಟಿ ಇನ್ನೂ ಆಕೆಯ ಮುಂದೆ ಮೇಜಿನ ಮೇಲಿತ್ತು.